ಐದು ಸೆಂಟಿಮೀಟರ್ ಉಸಿರು

ಹೋದ ಚಳಿಗಾಲದಲ್ಲಿ ಆದೋನಿಯ ಒಂದು ಜಿನ್ನಿಂಗ್ ಮಿಲ್ಲಿನ ಹತ್ತಿ ರಾಶಿಗೆ ಬೆಂಕಿ ಬಿದ್ದಾಗ ನಮ್ಮ ಸ್ಟೇಷನ್ನಿನ ಗಾಡಿಯನ್ನೂ ಕರೆಸಿದ್ದರು. ನಾನು ಹುಟ್ಟಿ ಬೆಳೆದದ್ದು ಆದೋನಿಯಲ್ಲೇ ಆದರೂ ಅಗ್ನಿಶಾಮಕ ದಳದಲ್ಲಿ ನನಗೆ ಸಿಕ್ಕ ಪೋಸ್ಟಿಂಗ್ ಬೇರೆ ಊರಿನದು. ಹತ್ತಿಯ ಬೆಂಕಿ ಹುಲ್ಲಿನ ಬೆಂಕಿಯಂತಲ್ಲ. ಮೇಲೆ ಆರಿದಂತೆ ಕಂಡರೂ ರಾಶಿಯ ಹೊಟ್ಟೆಯೊಳಗೆ ಸದ್ದಿಲ್ಲದೆ ಕೂತಿರುತ್ತದೆ. ರಾಶಿಯನ್ನು ಬಗೆಯಬೇಕು, ಹರವಬೇಕು, ಹಿಡಿಹಿಡಿಯಾಗಿ ನೆನೆಸಬೇಕು. ಮಧ್ಯಾಹ್ನದವರೆಗೂ ಅದೇ ಕೆಲಸ ಮಾಡಿದೆವು. ಕೊನೆಗೆ ಪೈಪು ಸುತ್ತಿಟ್ಟು ಹೆಲ್ಮೆಟ್ ತೆಗೆದೆ. ನೆನೆದು ಸುಟ್ಟ ಹತ್ತಿಯ ವಾಸನೆ ಮುಖಕ್ಕೆ ಬಡಿಯಿತು. ಒದ್ದೆ ಗೋಣಿಚೀಲ, ಹತ್ತಿಕಾಳಿನ ಎಣ್ಣೆ, ಸುಟ್ಟ ಬಟ್ಟೆ, ಮೂರನ್ನೂ ಒಟ್ಟಿಗೆ ಕಲಸಿದಂಥ ವಾಸನೆ. ನಾನು ಈ ನೌಕರಿಗೆ ಅರ್ಜಿ ಹಾಕಿದ ವರ್ಷದ ಹತ್ತಿ ಸೀಸನ್ನು ಪೂರ್ತಿ ನಮ್ಮ ಓಣಿಯಲ್ಲಿ ಇದೇ ವಾಸನೆ ಇತ್ತು.

ಆ ವರ್ಷ ದೀಪಾವಳಿ ಮುಗಿದ ಕೂಡಲೇ ಮಾರ್ಕೆಟ್ ಯಾರ್ಡಿನಲ್ಲಿ ಒಂದು ರಾಶಿ ಹೊತ್ತಿಕೊಂಡಿತ್ತು. ನಮ್ಮಪ್ಪ ನರಸಪ್ಪ ಅದೇ ಯಾರ್ಡಿನಲ್ಲಿ ಹಮಾಲಿ. ಅಪ್ಪ ಮತ್ತು ಅವನ ಜೊತೆಯವರು ಸುತ್ತಲಿನ ಚೀಲಗಳನ್ನು ಬೆನ್ನ ಮೇಲೆ ಹೊತ್ತು ದೂರ ಹಾಕುತ್ತಿದ್ದಾಗ ಕೆಂಪು ಗಾಡಿ ಬಂತು. ಬೆಂಕಿ ಆರಿದ ಮೇಲೆ ಆ ಗಾಡಿಯವರೊಬ್ಬರು ಹಮಾಲಿಗಳ ಪಕ್ಕದಲ್ಲೇ ಚೀಲದ ಮೇಲೆ ಕೂತು ಚಹಾ ಕುಡಿದರು. ಬೆಂಕಿ ನೋಡಲು ಬಂದಿದ್ದ ನಾನು ಅವರನ್ನು ಕೇಳಿದೆ, "ಸರ್, ಈ ನೌಕರಿಗೆ ಯಾರ ಶಿಫಾರಸು ಬೇಕು?" ಅವರು ನಕ್ಕರು. "ಟೇಪು, ವಾಚು, ಪರೀಕ್ಷೆ. ಈ ಮೂರರ ಶಿಫಾರಸು ಸಾಕು."

ಆ ಮಾತು ನನ್ನೊಳಗೆ ಎಲ್ಲಿಗೆ ಹೋಗಿ ತಾಗಿತು ಎಂದು ಹೇಳಬೇಕಾದರೆ ಯಾರ್ಡಿನ ಬೆಳಗನ್ನು ಹೇಳಬೇಕು. ಸೀಸನ್ನಿನಲ್ಲಿ ದಿನಾ ಮುಂಜಾನೆ ಹಮಾಲಿಗಳು ಗೋಡೆಗುಂಟ ಸಾಲಾಗಿ ನಿಲ್ಲುತ್ತಾರೆ. ಮಿಲ್ಲಿನ ಮೇಸ್ತ್ರಿ ಸಾಲಿನ ಮುಂದೆ ನಡೆದು ಬರುತ್ತಾನೆ. ಕೈಯಲ್ಲಿ ಸಣ್ಣ ಕೋಲು. "ನೀನು, ನೀನು, ಇವನು" ಎಂದು ಹೆಗಲಿಗೆ ತಾಗಿಸಿದವರಿಗೆ ಆ ದಿನದ ಕೆಲಸ, ಉಳಿದವರು ಮನೆಗೆ. ಮೇಸ್ತ್ರಿ ಹತ್ತಿರ ಬರುತ್ತಿದ್ದಂತೆ ಒಬ್ಬೊಬ್ಬರೂ ಉಸಿರು ತುಂಬಿಕೊಂಡು ಎದೆ ಉಬ್ಬಿಸುತ್ತಾರೆ. ಅಪ್ಪನೂ ಹಾಗೇ ಮಾಡುತ್ತಿದ್ದ. ಆ ಸಾಲಿನಲ್ಲಿ ನಿಯಮವೆಂಬುದೇ ಇರಲಿಲ್ಲ, ಮೇಸ್ತ್ರಿಯ ಕಣ್ಣು ಮಾತ್ರ ಇತ್ತು. ನಿನ್ನೆ ಆರಿಸಿದವನನ್ನು ಇವತ್ತು ಯಾಕೆ ಬಿಟ್ಟೆ ಎಂದು ಕೇಳುವ ಹಾಗಿರಲಿಲ್ಲ.

ನಾನು ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು. ಈ ಮಾತನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ. ಕೋಸಗಿ ಕಡೆಯ ನಮ್ಮ ಬಳಗದಲ್ಲಿ ಸಹಿ ಮಾಡಲು ಬರುವವರೇ ಕಡಿಮೆ. ಹತ್ತನೇ ತರಗತಿವರೆಗೆ ಕನ್ನಡ ಶಾಲೆ, ಆಮೇಲೆ ಕಾಲೇಜಿನಲ್ಲಿ ತೆಲುಗು, ಇಂಗ್ಲಿಷು, ಎರಡನ್ನೂ ಹಲ್ಲು ಕಚ್ಚಿ ಕಲಿತು ಬಿ.ಕಾಂ ಮಾಡಿದೆ. ಪದವಿ ಬಂದ ದಿನದಿಂದ ಓಣಿಯಲ್ಲಿ ನಾನು ನಡೆಯುವ ರೀತಿಯೇ ಬದಲಾಗಿತ್ತು ಎಂದು ಅಮ್ಮ ಈಗಲೂ ಆಡಿಕೊಳ್ಳುತ್ತಾಳೆ. ಆದರೆ ಪದವಿಗೆ ಸಿಕ್ಕ ಕೆಲಸವೆಂದರೆ ಬಸ್‌ಸ್ಟ್ಯಾಂಡಿನ ನೆಟ್ ಸೆಂಟರಿನಲ್ಲಿ ಬೇರೆಯವರ ಅರ್ಜಿ ತುಂಬುವುದು. ಫೈರ್‌ಮನ್ ಹುದ್ದೆಗಳ ಅಧಿಸೂಚನೆ ಬಂದಾಗ ಊರಿನ ಅರ್ಧ ಹುಡುಗರ ಅರ್ಜಿ ತುಂಬಿ, ಕೊನೆಗೆ ನನ್ನದನ್ನೂ ತುಂಬಿದೆ. ಅದರಲ್ಲಿ ಎಲ್ಲಿ ನೋಡಿದರೂ 'ಅಭ್ಯರ್ಥಿ' ಎಂಬ ಒಂದೇ ಹೆಸರು. ಹತ್ತಿ ಸಾಹುಕಾರನ ಮಗನಾದರೂ ಅಭ್ಯರ್ಥಿ, ನರಸಪ್ಪನ ಮಗನಾದರೂ ಅಭ್ಯರ್ಥಿ. ಎತ್ತರ ಇಷ್ಟು, ಎದೆ ಇಷ್ಟು, ಉಸಿರೆಳೆದರೆ ಐದು ಸೆಂಟಿಮೀಟರ್ ಹಿಗ್ಗಬೇಕು. ಅಷ್ಟು ಇದ್ದರೆ ಇದ್ದ, ಇಲ್ಲದಿದ್ದರೆ ಇಲ್ಲ. ಓದಿ ಖುಷಿಯಾಯಿತು.

ಅಮ್ಮನಿಗೆ ಆಗಲಿಲ್ಲ. "ಡಿಗ್ರಿ ಓದಿಸಿದ್ದು ಬೆಂಕಿಗೆ ನೀರು ಉಗ್ಗಾಕೇನು? ನೀರು ನಾನೂ ಉಗ್ಗತೀನಿ, ನನಗ್ಯಾಕ ಕೊಡವಲ್ರು ನೌಕರಿ?"

"ನಿನ್ನ ಎತ್ತರ ಸಾಲೋದಿಲ್ಲಬೇ."

"ನಿನ್ನ ಹಡದಾಗ ಎತ್ತರ ಯಾರೂ ಅಳೀಲಿಲ್ಲ," ಎಂದಳು. ಹಾಗೆಂದವಳೇ ಆ ವರ್ಷ ನಮ್ಮ ಕೋಸಗಿ ಬಳಗದ ಹೆಂಗಸರೆಲ್ಲ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಲಾರಿ ಹತ್ತಿದಾಗ ತಾನು ಹತ್ತಲಿಲ್ಲ. "ಇವನ ಹೊಟ್ಟಿ ನೋಡಾಕ ಒಬ್ರು ಬೇಕಲ್ಲ," ಎಂದು ಹಿಂದೆ ಉಳಿದಳು. ಮುಂಜಾನೆ ನಾನು ಓಡಿ ಬರುವಷ್ಟರಲ್ಲಿ ಮೊಟ್ಟೆ ಬೇಯಿಸಿ, ಸಿಪ್ಪೆ ಬಿಡಿಸಿ ಇಟ್ಟಿರುತ್ತಿದ್ದಳು.

ಓಡುತ್ತಿದ್ದದ್ದು ಎಮ್ಮಿಗನೂರಿನ ರಸ್ತೆಯಲ್ಲಿ. ಚಳಿಗಾಲದ ಮಂಜು ಕೋಟೆ ಗುಡ್ಡದ ಸೊಂಟದವರೆಗೆ ಇಳಿದಿರುತ್ತಿತ್ತು. ಹತ್ತಿ ಲಾರಿಗಳು ಪಕ್ಕದಲ್ಲಿ ಹಾದಾಗ ಅರಳೆ ಹಾರಿ ರೆಪ್ಪೆಗೆ, ಮೀಸೆಗೆ ಅಂಟಿಕೊಳ್ಳುತ್ತಿತ್ತು. ರಸ್ತೆಯ ಎರಡೂ ಬದಿಯ ಜಾಲಿಗಿಡಗಳು ಹತ್ತಿ ಬಿಟ್ಟ ಹಾಗೆ ಬೆಳ್ಳಗಿದ್ದವು. ಓಡಿ ಮನೆಗೆ ಬಂದಾಗ ಅಮ್ಮ ಸೆರಗಿನಿಂದ ನನ್ನ ಮುಖದ ಅರಳೆ ತೆಗೆಯುತ್ತ, "ಒಂದು ದಿಂಬಿಗಾಗುವಷ್ಟು ತಂದೀಯ," ಎನ್ನುತ್ತಿದ್ದಳು.

ಸಂಜೆ ಅಪ್ಪನ ಹಮಾಲಿ ಬಳಗವೆಲ್ಲ ಯಾರ್ಡಿನ ಹಿಂದಿನ ಚಹಾದಂಗಡಿಯಲ್ಲಿ ಸೇರುತ್ತಿತ್ತು. ಅದಕ್ಕೆ ಅಂಟಿಕೊಂಡೇ ದರ್ಜಿ ಮಸ್ತಾನನ ಅಂಗಡಿ. ಬಳಗದ ಹಿರಿಯ ಭೀಮಣ್ಣ. ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕು ಬರದಂಥ ಆಳು. ಅವನು ಒಂದು ಸಂಜೆ, "ಓದೋ ಉರುಕುಂದಾ, ಸರಕಾರ ಏನೇನು ಕೇಳೈತಿ ನೋಡಮು," ಎಂದು ನನ್ನನ್ನು ಹೆಸರು ಹಿಡಿದು ಕರೆದ. ನಾನು ನಿಯಮಗಳನ್ನು ಒಂದೊಂದಾಗಿ ಕನ್ನಡಕ್ಕೆ ತಿರುಗಿಸಿ ಓದಿದೆ. ನೇರ ನಿಂತಾಗ ಮೊಣಕಾಲು ಒಂದಕ್ಕೊಂದು ತಾಗಬಾರದು ಎಂದು ಓದಿದ್ದೇ ತಡ, ಹಮಾಲಿಗಳೆಲ್ಲ ಎದ್ದು ಲುಂಗಿ ಎತ್ತಿ ತಮ್ಮ ತಮ್ಮ ಮೊಣಕಾಲು ನೋಡಿಕೊಂಡರು.

"ಮಣಕಾಲು ತಾಗಿದ್ರ ಬೆಂಕಿ ಆರೋದಿಲ್ಲೇನು?" ಎಂದು ಭೀಮಣ್ಣ ಕೇಳಿದ.

"ಪಾದ ಸಪಾಟ ಇರಬಾರದು ಅಂತನೂ ಐತಿ ಮಾವಾ."

ಭೀಮಣ್ಣ ಚಹಾದಂಗಡಿಯ ಬಕೆಟ್ಟಿನಲ್ಲಿ ಕಾಲು ಅದ್ದಿ ಕಡಪಾ ಕಲ್ಲಿನ ಮೇಲೆ ಇಟ್ಟು ತೆಗೆದ. ಒದ್ದೆ ಗುರುತು ಇಟ್ಟಿಗೆಯಂತೆ ತುಂಬಿ ಬಂತು.

"ಅರೇ ಭೀಮಣ್ಣಾ, ಇದು ಪಾದ ಅಲ್ಲ, ಜೋಳದ ರೊಟ್ಟಿ," ಎಂದ ಮಸ್ತಾನ್.

"ಹೋತು, ನನ್ನ ನೌಕರಿ ಹೋತು," ಎಂದು ಭೀಮಣ್ಣ ಎದೆ ಬಡಿದುಕೊಂಡ. ನಕ್ಕು ನಕ್ಕು ಚಹಾ ಚೆಲ್ಲಿತು.

ಆಮೇಲೆ ಎದೆಯ ಅಳತೆ. ಮಸ್ತಾನ್ ಟೇಪು ತೆಗೆದುಕೊಂಡು ಒಬ್ಬೊಬ್ಬರನ್ನೇ ಅಳೆದ. ಅಪ್ಪನ ಸರದಿ ಬಂತು. ಮಸ್ತಾನ್ ಟೇಪು ಸುತ್ತಿ, "ಉಸಿರು ತಗೋ ಅಣ್ಣಾ," ಎಂದ. ಟೇಪು ಇದ್ದಲ್ಲೇ ಇತ್ತು.

"ತಗೋ ಅಣ್ಣಾ."

"ತಗೊಂಡೀನಲ್ಲೋ."

"ಇನ್ನೂ ತಗೋ."

"ಇನ್ನೆಲ್ಲಿಂದ ತಗೊಳ್ಲಿ? ನಿನ್ನ ಅಂಗಡ್ಯಾಗಿಂದ ತಗೊಳ್ಲೇನು?"

ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ಬದುಕಿಡೀ ಮೂಟೆ ಹೊತ್ತ ಎದೆ ಅದು, ಒಣಗಿದ ಚಕ್ಕಳದಂತೆ ಗಟ್ಟಿಯಾಗಿತ್ತು. ನಾನು ನಗಲಿಲ್ಲ. ಈ ನೌಕರಿ ನನಗೆ ಬೇಕೇ ಬೇಕು ಎಂದು ತೀರ್ಮಾನಿಸಿದ್ದು ಆ ಟೇಪು ಕದಲದೆ ನಿಂತದ್ದನ್ನು ನೋಡಿದಾಗ. ವಯಸ್ಸಿನ ಮಿತಿ ಬೇರೆ ಹತ್ತಿರ ಬಂದಿತ್ತು. ಇದು ತಪ್ಪಿದರೆ ಮುಂದಿನ ಅಧಿಸೂಚನೆ ಯಾವಾಗ ಎಂದು ಯಾರಿಗೂ ತಿಳಿಯದು. ಅಷ್ಟರಲ್ಲಿ ನಾನು ಅಭ್ಯರ್ಥಿಯಾಗುವ ಅರ್ಹತೆಯನ್ನೇ ಕಳೆದುಕೊಂಡಿರುತ್ತಿದ್ದೆ.

ಅಂದಿನಿಂದ ನನ್ನ ಎದೆ ಇಡೀ ಬಳಗದ ಜವಾಬ್ದಾರಿಯಾಯಿತು. ದಿನಾ ಸಂಜೆ ಭೀಮಣ್ಣ, "ದಮ್ಮು ತುಂಬು. ಹಿಡಿ. ಹಂಗೇ ಹಿಡಿ," ಎಂದು ನಿಲ್ಲಿಸುತ್ತಿದ್ದ. "ಸಾಯೇಬರು ನಿನ್ನ ನೋಡಿದ ಕೂಡ್ಲೇ, ಇವನಪ್ಪ ಗಂಡಸು, ಅನಬೇಕು." ಮಸ್ತಾನ್ ಟೇಪು ಹಾಕುತ್ತಿದ್ದ. ಅಳತೆ ಏರಿದ ದಿನ ಭೀಮಣ್ಣ ಎಲ್ಲರಿಗೂ ಚಹಾ ಹೇಳುತ್ತಿದ್ದ. ಯಾರ್ಡಿನ ಗೋಡೆಗುಂಟ ನಿಲ್ಲುವ ಹಾಗೆಯೇ ನನ್ನನ್ನೂ ನಿಲ್ಲಿಸುತ್ತಿದ್ದರು. ಆರಿಸಿಕೊಳ್ಳಲ್ಪಡುವುದು ಎಂದರೆ ಅವರಿಗೆ ಗೊತ್ತಿದ್ದದ್ದು ಅದೊಂದೇ ರೀತಿ. ತುಂಬಿದ ಎದೆಯನ್ನು ಸೀಸನ್ನು ಪೂರ್ತಿ ಅಳೆದೆವು. ಖಾಲಿ ಎದೆಯನ್ನು ಅಳೆಯುವ ಯೋಚನೆ ಒಬ್ಬರಿಗೂ ಬರಲಿಲ್ಲ. ನಿಯಮವನ್ನು ಓದಿ ಹೇಳಿದ ಪದವೀಧರನಿಗೂ ಬರಲಿಲ್ಲ.

ಮೊದಲ ಲಿಖಿತ ಪರೀಕ್ಷೆ ತೆಲುಗಿನಲ್ಲಿ ಬರೆದು ಪಾಸಾದೆ. ಸಂಕ್ರಾಂತಿ ಕಳೆದ ಮೇಲೆ ದೇಹದ ಪರೀಕ್ಷೆಗೆ ಕರ್ನೂಲಿನಿಂದ ಕರೆ ಬಂತು. ಮಸ್ತಾನ್ ಹೊಸ ಚಡ್ಡಿ ಹೊಲಿದುಕೊಟ್ಟ. ಹೊರಡುವ ದಿನ ಭೀಮಣ್ಣ ಬಸ್ಸಿನ ಕಿಟಕಿಯಲ್ಲಿ ತಲೆ ತೂರಿಸಿ, "ದಮ್ಮು ಬಿಟ್ಟಿಯೋ, ನೋಡು!" ಎಂದು ಹೆದರಿಸಿ ಕಳಿಸಿದ.

ನಾನು ಬಿಡಲಿಲ್ಲ.

ಕರ್ನೂಲಿನ ಮೈದಾನದಲ್ಲಿ ಸುಣ್ಣದ ಗೆರೆಗಳು, ಶಾಮಿಯಾನ, ಬನಿಯನ್ನಿನಲ್ಲಿ ನಡುಗುತ್ತ ನಿಂತ ನೂರಾರು ಹುಡುಗರು. ಎತ್ತರದಲ್ಲಿ ನನಗೆ ತೊಂದರೆ ಆಗಲಿಲ್ಲ. ಎದೆ ಅಳೆಯುವ ಮೇಜಿನ ಮುಂದೆ ಒಂದು ಸಾಲಿತ್ತು. ಸಾಲಿನಲ್ಲಿ ನಿಂತದ್ದೇ ನನ್ನ ಮೈ ಯಾರ್ಡಿನ ಸಾಲಿನಲ್ಲಿದ್ದಂತೆ ತಾನಾಗಿ ಸೆಟೆಯಿತು. ಟೇಪು ಹಿಡಿದ ಕಾನ್‌ಸ್ಟೇಬಲ್ ಹತ್ತಿರ ಬರುತ್ತಿದ್ದಂತೆ ಎದೆ ತುಂಬಿಕೊಂಡೆ.

"ಗಾಲಿ ವದುಲು ಬಾಬೂ," ಎಂದರು ಅವರು ತೆಲುಗಿನಲ್ಲಿ. ಉಸಿರು ಬಿಡು ಎಂದು. ಬಾಯಿಂದ ಒಂದಿಷ್ಟು ಬಿಟ್ಟೆ. "ಲೂಜ್‌ಗಾ ನಿಲಬಡು," ಎಂದು ಹೆಗಲು ಅಲುಗಿಸಿದರು. ಸಡಿಲವಾಗಿಯೇ ನಿಂತಿದ್ದೇನೆ ಎಂದುಕೊಂಡಿದ್ದೆ. ಅಳೆದು ಒಂದು ಅಂಕಿ ಕೂಗಿದರು. ದೊಡ್ಡ ಅಂಕಿ. ನನಗೆ ಹೆಮ್ಮೆಯಾಯಿತು. "ಇಪ್ಪುಡು ಪೀಲ್ಚು," ಎಂದರು, ಈಗ ಎಳೆದುಕೋ ಎಂದು. ಎಳೆದುಕೊಳ್ಳಲು ಒಳಗೆ ಜಾಗವೇ ಇರಲಿಲ್ಲ. ಕುತ್ತಿಗೆಯ ನರ ಉಬ್ಬಿದವು, ಎದೆ ಅಲ್ಲೇ ನಿಂತಿತು. ಟೇಪು ಸರಿದದ್ದು ಮೂರು ಸೆಂಟಿಮೀಟರ್.

"ತಕ್ಕುವ," ಎಂದರು. ಕಡಿಮೆ. ಹಿಂದಿನವನನ್ನು ಕರೆದರು.

ಅದೊಂದು ಮಾತಿಗೆ ಸೀಸನ್ನು ಮುಗಿಯಿತು. ಆದರೆ ನಿಯಮಗಳನ್ನು ಅಷ್ಟು ಸಲ ಓದಿದ್ದು ಸುಮ್ಮನೆ ಹೋಗಿರಲಿಲ್ಲ. "ಸರ್, ಅಳತೆಗೆ ಅಪೀಲು ಹಾಕಬಹುದು ಅಂತ ರೂಲ್ಸ್‌ನಲ್ಲಿದೆ," ಎಂದು ತೆಲುಗಿನಲ್ಲಿ ಹೇಳಿದೆ.

ಅವರು ತಲೆ ಎತ್ತಿ ನೋಡಿದರು. ಸಿಟ್ಟಾಗಲಿಲ್ಲ. "ಇದೆ. ಮಧ್ಯಾಹ್ನ ಮೇಡಂ ಮತ್ತೆ ಅಳೆಯುತ್ತಾರೆ. ಒಂದೇ ಸಲ. ಆ ಬೇವಿನ ಗಿಡದ ಕೆಳಗೆ ಕೂತಿರು," ಎಂದರು.

ಬೇವಿನ ಗಿಡದ ಕೆಳಗೆ ಅಪೀಲು ಹಾಕಿದವರು ಮೂರ್ನಾಲ್ಕು ಜನ ತಲೆ ತಗ್ಗಿಸಿ ಕೂತಿದ್ದರು. ಒಬ್ಬ ಮಾತ್ರ ಟವೆಲ್ ಹಾಸಿಕೊಂಡು ಅಂಗಾತ ಮಲಗಿದ್ದ, ಕೈಕಾಲು ನೀಟಾಗಿ ಚಾಚಿಕೊಂಡು.

"ಮೈಯಾಗ ಹುಷಾರಿಲ್ಲೇನಣ್ಣಾ?" ಎಂದು ಕೇಳಿದೆ.

"ಹುಷಾರಾಗೇ ಅದೀನಿ. ಎದ್ರ ಕುಗ್ತೀನಿ, ಅದಕ್ಕ ಮಲಗೀನಿ," ಎಂದ. ಹೆಸರು ಸುಂಕಣ್ಣ, ಪತ್ತಿಕೊಂಡದ ಕಡೆಯವನು, ಅವನ ಮನೆಮಾತೂ ಕನ್ನಡವೇ. ಎತ್ತರದಲ್ಲಿ ಒಂದು ಕೂದಲಿನಷ್ಟು ಕಡಿಮೆ ಬಿದ್ದಿದ್ದ. "ಮುಂಜಾನಿ ಮನಷ್ಯಾ ಉದ್ದ ಇರ್ತಾನ. ಹೊತ್ತು ಏರಿದಂಗ ಇಳೀತಾನ. ನಮ್ಮ ಸಾಲ್ಯಾಗ ಆಟ ಕಲಿಸೋ ಪಿಇಟಿ ಸಾರು ಹೇಳ್ಯಾರ. ಊರಿಂದ ಟೊಮೆಟಿ ಆಟೋದಾಗ ಮಲಿಕ್ಕೊಂಡೇ ಬಂದೀನಿ. ಗೇಟಿನಿಂದ ಇಬ್ರು ದೋಸ್ತರು ಎತ್ಕೊಂಡು ಬಂದ್ರು. ಅಲ್ಲೊಬ್ಬ ಹೋಮ್‌ಗಾರ್ಡು ಹೆಣ ಅನ್ಕೊಂಡು ಟೋಪಿ ತಗದ."

"ಆಮೇಲೆ?"

"ನಾನು ನಮಸ್ಕಾರ ಅಂದೆ. ಅಂವ ಇನ್ನೂ ಹೆದರಿದ."

ನನಗೆ ಅಳು ಬರುವಂತಿತ್ತು, ನಗು ಬಂತು. ನಕ್ಕಾಗ ಸುಂಕಣ್ಣ ಮಲಗಿದಲ್ಲಿಂದಲೇ ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿದ. "ನಿಂದು ಏನು ಹೋತು?"

"ಎದಿ. ಐದು ಹಿಗ್ಗಬೇಕು, ಮೂರೇ ಹಿಗ್ಗಿತು."

"ಹಿಗ್ಗೋದೆಂಗ? ನೀನು ಈಗ್ಲೂ ಫೋಟೋ ತೆಗಿಸ್ಕೊಳ್ಳೋನಂಗ ಕುಂತೀಯಲ್ಲ. ಬಾ ಇಲ್ಲಿ." ಹತ್ತಿರ ಕೂರಿಸಿಕೊಂಡು, ಮಲಗಿದಂತೆಯೇ ಕೈ ಎತ್ತಿ ನನ್ನ ಬೆನ್ನಿಗೆ ಅಂಗೈ ಇಟ್ಟ. "ಬಿಡು."

"ಬಿಟ್ಟೀನಿ."

"ಏನು ಬಿಟ್ಟಿ? ಇನ್ನಾ ಒಂದು ಮೂಟಿ ಒಳಗೇ ಐತಿ. ಯಾರ ಮುಂದ ಹಿಡಕೊಂಡು ಕುಂತೀಯಪ್ಪ? ಇಲ್ಲಿರೋರು ಎಲ್ಲಾ ಫೇಲಾದೋರೇ."

ಆ ಮಾತು ಕೇಳಿ ನನಗೆ ನನ್ನದೇ ಮೈ ಕಾಣಿಸಿತು. ಕಾಲೇಜಿಗೆ ಸೇರಿದಾಗಿನಿಂದ ನಾನು ಉಸಿರು ಪೂರ್ತಿ ಬಿಟ್ಟಿರಲೇ ಇಲ್ಲ. ಕಾಲೇಜಿನಲ್ಲಿ ಸಾಹುಕಾರರ ಮಕ್ಕಳ ಮುಂದೆ, ನೆಟ್ ಸೆಂಟರಿನಲ್ಲಿ ಮಾಲೀಕನ ಮುಂದೆ, ಓಣಿಯಲ್ಲಿ ಎಲ್ಲರ ಮುಂದೆ ಎದೆ ಹಿಡಿದುಕೊಂಡೇ ಓಡಾಡಿದ್ದೆ. ಹಿಡಿದುಕೊಂಡಿದ್ದೇನೆ ಎಂಬುದೇ ಮರೆತುಹೋಗಿತ್ತು.

ಮಧ್ಯಾಹ್ನದವರೆಗೆ ಅದೇ ಕೆಲಸ. ಸುಂಕಣ್ಣನಿಗೆ ಬಾಯಾರಿದಾಗ ನಾನು ಬಾಟಲಿಯಿಂದ ಅವನ ಬಾಯಿಗೆ ನೀರು ಬಿಡುತ್ತಿದ್ದೆ, ಅವನು ತಲೆಯನ್ನೂ ಎತ್ತುತ್ತಿರಲಿಲ್ಲ. ನನ್ನ ಬೆನ್ನಿನ ಮೇಲೆ ಕೈ ಇಟ್ಟು "ಬಿಡು, ಇನ್ನಾ ಬಿಡು" ಎನ್ನುತ್ತಿದ್ದ. ಒಂದೊಂದು ಸಲ ಸರಿಯಾಗುತ್ತಿತ್ತು, ಒಂದೊಂದು ಸಲ ಇಲ್ಲ. ಯಾರಾದರೂ ಯೂನಿಫಾರ್ಮಿನವರು ಹತ್ತಿರ ಹಾದರೆ ಎದೆ ತಾನೇ ಮೇಲೇರುತ್ತಿತ್ತು. "ಬಂತು ನೋಡು, ಮತ್ತ ಏರಿತು ಬಲೂನು," ಎಂದು ಅವನು ಬೈಯುತ್ತಿದ್ದ.

ಮೇಡಂ ಬಂದರು. ಬಿಸಿಲಿಗೆ ಮುಖ ಕೆಂಪಾಗಿದ್ದ, ಕಡಿಮೆ ಮಾತಿನ ಅಧಿಕಾರಿ. ನನ್ನ ಹೆಸರು ಕರೆದರು. "ಡಿಗ್ರಿ ಚದಿವಾವಾ?" ಎಂದರು. ಡಿಗ್ರಿ ಓದಿದ್ದೀಯಾ ಎಂದು. ಓದಿದ್ದೇನೆ ಎಂದೆ. ಹೇಳುತ್ತಿದ್ದಂತೆ ಎದೆ ಉಬ್ಬಿತು. ಗೊತ್ತಾಗಿ ಹೆದರಿದೆ. ಟೇಪು ಹಿಡಿದ ಕಾನ್‌ಸ್ಟೇಬಲ್ ಹಿಂದೆ ಬಂದು ನಿಂತರು.

ಆಗ ಅಪ್ಪನನ್ನು ನೆನೆದೆ. ಯಾರ್ಡಿನ ಸಾಲಿನ ಅಪ್ಪನನ್ನಲ್ಲ. ಸಂಜೆ ಮನೆಗೆ ಬಂದು, ಬಚ್ಚಲ ಕಲ್ಲಿನ ಮೇಲೆ ಸ್ನಾನಕ್ಕೆ ನಿಲ್ಲುವ ಅಪ್ಪನನ್ನು. ಹೆಗಲು ಇಳಿಬಿದ್ದಿರುತ್ತಿದ್ದವು, ಕೈಗಳು ತೊಡೆಯ ಪಕ್ಕದಲ್ಲಿ ಸುಮ್ಮನೆ ನೇತಾಡುತ್ತಿದ್ದವು, ಎದೆ ಖಾಲಿ ಚೀಲದಂತೆ ಒಳಕ್ಕೆ ಹೋಗಿರುತ್ತಿತ್ತು. ಚಿಕ್ಕಂದಿನಲ್ಲಿ ಆ ಅಪ್ಪನನ್ನು ನೋಡಲು ನನಗೆ ಇಷ್ಟವಿರಲಿಲ್ಲ, ಬೇರೆ ಕಡೆ ನೋಡುತ್ತಿದ್ದೆ. ಅವನು ಆಗ ಯಾರಿಗೂ ತನ್ನನ್ನು ತೋರಿಸುತ್ತಿರಲಿಲ್ಲ, ಅಷ್ಟೇ. ದಿನದಲ್ಲಿ ಅವನಿಗೆ ಸಿಗುತ್ತಿದ್ದ ಸುಖ ಅದೊಂದೇ ಇತ್ತೇನೋ.

ಹಾಗೆ ನಿಂತೆ. ಅಷ್ಟು ಜನರ ಮುಂದೆ, ಅಧಿಕಾರಿಯ ಮುಂದೆ, ಬಚ್ಚಲಲ್ಲಿ ಅಪ್ಪ ನಿಲ್ಲುವ ಹಾಗೆ ನಿಂತೆ. ಉಸಿರು ಹೋಯಿತು. ಟೇಪು ಸಡಿಲಾಗಿ ಜಾರಿತು, ಕಾನ್‌ಸ್ಟೇಬಲ್ ಅದನ್ನು ಮತ್ತೆ ಎಳೆದು ಬಿಗಿ ಮಾಡಬೇಕಾಯಿತು. ಬೆಳಗ್ಗಿನದಕ್ಕಿಂತ ಚಿಕ್ಕ ಅಂಕಿ ಕೂಗಿದರು. ನಿಯಮ ಕೇಳುವಷ್ಟಕ್ಕೆ ಅದು ಸಾಕಾಗಿತ್ತು. "ಪೀಲ್ಚು," ಎಂದರು. ಎಳೆದೆ. ಒಳಗೆ ಎಷ್ಟು ಜಾಗವಿತ್ತು! ಎಳೆಯುತ್ತಲೇ ಇದ್ದೆ.

"ಆರು," ಎಂದರು ಕಾನ್‌ಸ್ಟೇಬಲ್. ಮೇಡಂ ತಾವೇ ಬಂದು ಟೇಪು ನೋಡಿ ತಲೆಯಾಡಿಸಿದರು. "ಓಟ ನಾಳೆ ಬೆಳಿಗ್ಗೆ," ಎಂದರು.

ಸುಂಕಣ್ಣನ ಸರದಿ ಬಂದಾಗ ನಾನು ತಲೆಯ ಕಡೆ ಹಿಡಿದೆ, ಅಪೀಲಿನ ಇನ್ನೊಬ್ಬ ಹುಡುಗ ಕಾಲ ಕಡೆ ಹಿಡಿದ. ಹೊತ್ತುಕೊಂಡು ಹೋಗಿ ಎತ್ತರ ಅಳೆಯುವ ಕಂಬದ ಬುಡದಲ್ಲಿ ಮೆಲ್ಲಗೆ ನಿಲ್ಲಿಸಿದೆವು, ಗಾಜಿನ ಸಾಮಾನು ನಿಲ್ಲಿಸಿದಂತೆ. ಮೇಡಂ ನಗು ತಡೆಯಲು ಬೇರೆ ಕಡೆ ತಿರುಗಿದರು. ಪಟ್ಟಿ ಅವನ ನೆತ್ತಿಗೆ ಇಳಿಯಿತು. ಎರಡು ಸಲ ಇಳಿಸಿ ನೋಡಿದರು. ಅವರಿಗೂ ಆ ಕೂದಲಿನಷ್ಟು ಕೊಡುವ ಮನಸ್ಸಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ನಿಯಮ ಎಲ್ಲರಿಗೂ ಒಂದೇ ಎಂದು ನಾನು ಹಿಗ್ಗಿದ್ದೆನಲ್ಲ, ಅದೇ ನಿಯಮ ಅವನಿಗೂ ಇತ್ತು. ಮೇಡಂ ಇಲ್ಲವೆಂದು ತಲೆಯಾಡಿಸಿದರು.

ಸುಂಕಣ್ಣ ಸ್ವಲ್ಪ ಹೊತ್ತು ಕಂಬಕ್ಕೆ ಆತು ನಿಂತ. ಆಮೇಲೆ ಮೈಮುರಿದ. "ನಡಿಯಪ್ಪ, ಉಣ್ಣಮು. ಇನ್ನ ಎಷ್ಟು ಕುಗ್ಗಿದ್ರ ಏನು?" ಎಂದ.

ಹೋಟೆಲಿನಲ್ಲಿ ಅವನು ಮೊದಲ ಸಲ ಕುರ್ಚಿಯ ಮೇಲೆ ಕೂತದ್ದನ್ನು ನೋಡಿದೆ. ಎರಡು ಪ್ಲೇಟು ಅನ್ನ ಉಂಡ. ಕಣ್ಣು ಕೆಂಪಾಗಿದ್ದವು. ಅಲ್ಲಿಂದ ಅಪ್ಪನಿಗೆ ಫೋನು ಮಾಡಿದೆ. ಯಾರ್ಡಿನ ಗದ್ದಲ ಕೇಳುತ್ತಿತ್ತು.

"ಪಾಸಾತಪ್ಪ. ಎದಿ ಪಾಸಾತು."

"ಎಷ್ಟು ಬಂತು?"

ಎದೆ ತುಂಬಿದಾಗಿನ ದೊಡ್ಡ ಅಂಕಿ ಹೇಳಿದೆ. ಅಪ್ಪ ಅದನ್ನು ಬಳಗಕ್ಕೆ ಕೂಗಿ ಹೇಳಿದ. ಭೀಮಣ್ಣ ಫೋನು ಕಸಿದುಕೊಂಡು, "ನಾ ಏನು ಹೇಳಿದ್ದೆ? ದಮ್ಮು ಬಿಡಬ್ಯಾಡ ಅಂದಿದ್ದೆ, ಹೌದಲ್ಲೋ?" ಎಂದು ಚೀರಿದ. "ಹೌದು ಮಾವಾ," ಎಂದೆ. ಸುಂಕಣ್ಣ ಎದುರಿಗೆ ಕೂತು ಮಜ್ಜಿಗೆ ಕುಡಿಯುತ್ತ ಹುಬ್ಬೇರಿಸಿ ನಕ್ಕ.

ಮುಂದೆ ಆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಕೊನೆಯ ಲಿಖಿತ ಪರೀಕ್ಷೆಯೂ ಮುಗಿದು ಬಹಳ ದಿನ ಕಾಯಿಸಿದ ಮೇಲೆ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಬಂತು. ತರಬೇತಿಗೆ ಹೋದೆ. ಹೊಗೆ ತುಂಬಿದ ಕೋಣೆಯಲ್ಲಿ ಗಾಬರಿಯಿಂದ ಉಸಿರು ಹಿಡಿದವನು ಮೊದಲು ಬೀಳುತ್ತಾನೆ, ಮೆಲ್ಲಗೆ ಬಿಡಲು ಬಲ್ಲವನು ನಿಲ್ಲುತ್ತಾನೆ ಎಂದು ಅಲ್ಲಿ ಕಲಿಸಿದರು. ಈಗ ಅಪ್ಪ ಯಾರ್ಡಿನ ಸಾಲಿನಲ್ಲಿ ನಿಲ್ಲುವುದಿಲ್ಲ. ನನ್ನ ಕ್ವಾರ್ಟರ್ಸಿಗೆ ಬಂದರೆ ಸ್ಟೇಷನ್ನಿನ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಟೈರು ಒತ್ತಿ ನೋಡಿ, "ಗಾಳಿ ಕರೆಕ್ಟ್ ಐತಿ," ಎಂದು ಅಧಿಕಾರಿಯಂತೆ ಹೇಳುತ್ತಾನೆ. ಅಮ್ಮ ಪಕ್ಕದ ಮನೆಯವರಿಗೆ, "ಡಿಗ್ರಿ ಓದಿದೋರಿಗೆ ಅಷ್ಟ ಕೊಡ್ತಾರ ಈ ನೌಕರಿ," ಎಂದು ಸುಳ್ಳು ಹೇಳುತ್ತಾಳೆ. ಸುಂಕಣ್ಣ ಸ್ವಂತ ಗಾಡಿ ಇಟ್ಟು ಪತ್ತಿಕೊಂಡದ ಟೊಮೆಟೊ ಸಾಗಿಸುತ್ತಾನೆ. ಮುಂಜಾನೆ ತನ್ನೂರಿನ ಹುಡುಗರಿಗೆ ಓಟ ಕಲಿಸುತ್ತಾನೆ. ಅವರಲ್ಲಿ ಇಬ್ಬರು ಪೊಲೀಸಿಗೆ ಸೇರಿದ್ದಾರೆ. ಮೊದಲು ಅವರ ಎತ್ತರ ಅಳೆದೇ ಕಲಿಸಲು ಒಪ್ಪುತ್ತಾನಂತೆ.

ಆದರೆ ಆ ವರ್ಷ ನನ್ನ ಪಾಲಿಗೆ ನಿಜವಾಗಿ ಮುಗಿದದ್ದು ಓಟದ ಬೆಳಿಗ್ಗೆ.

ಹಿಂದಿನ ಸಂಜೆ ಸುಂಕಣ್ಣ ಬಸ್‌ಸ್ಟ್ಯಾಂಡಿನ ದಿಕ್ಕಿಗೆ ಹೋಗಿದ್ದ. ಊರು ಮುಟ್ಟಿರುತ್ತಾನೆ ಎಂದುಕೊಂಡಿದ್ದೆ. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ನಾಲ್ಕು ಸುತ್ತಿನ ಓಟ. ಅಪೀಲು ಗೆದ್ದವರು, ಉಳಿದವರು ಸೇರಿ ಒಂದು ಗುಂಪು. ಎಲ್ಲರ ಎದೆಗೂ ನಂಬರಿನ ಬಟ್ಟೆ ಕಟ್ಟಿದ್ದರು. ಸೀಟಿ ಊದಿದರು. ಮೊದಲ ಸುತ್ತಿನಲ್ಲೇ ನಾನು ಹಳೆಯ ತಪ್ಪಿಗೆ ಬಿದ್ದೆ. ವಾಚು ಹಿಡಿದ ಅಧಿಕಾರಿಗಳ ಮುಂದೆ ಎದೆ ಕಟ್ಟಿಕೊಂಡು ಓಡಿದೆ. ಎರಡನೇ ಸುತ್ತಿಗೆ ಪಕ್ಕೆ ಹಿಡಿಯಿತು, ಜನ ನನ್ನನ್ನು ದಾಟಿ ಹೋಗತೊಡಗಿದರು.

ಮೈದಾನದ ಒಂದು ಬದಿಗೆ ತಂತಿ ಬೇಲಿ, ಅದರಾಚೆ ರಸ್ತೆ. ಆ ಬದಿಗೆ ತಿರುಗಿದಾಗ ಕೂಗು ಕೇಳಿತು.

"ಬಲೂನೂ! ಏ ಬಲೂನೂ! ಬಿಡೋ!"

ಸುಂಕಣ್ಣ. ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ, ಬೇಲಿಯ ಆಚೆ ರಸ್ತೆಯಲ್ಲಿ ನನ್ನ ಸಮಕ್ಕೆ ಓಡುತ್ತಿದ್ದ. ಹಾಲಿನವನ ಸೈಕಲ್ಲು ಪಕ್ಕಕ್ಕೆ ಸರಿಯಿತು. "ಬಿಡು! ಎರಡು ಹೆಜ್ಜಿಗೆ ಬಿಡು, ಎರಡು ಹೆಜ್ಜಿಗೆ ತಗೋ! ನನ್ನ ಕಾಲು ನೋಡು!" ಅವನ ಕಾಲು ನೋಡಿ ಓಡಿದೆ. ಬೇಲಿ ಮುಗಿದು ನಾನು ತಿರುಗಿದಾಗ ಅವನು ಓಡಿದ ದಾರಿಯಲ್ಲೇ ವಾಪಸ್ಸು ಹೋಗಿ ಕಾಯುತ್ತಿದ್ದ. ಮೂರನೇ ಸುತ್ತಿಗೆ ಮತ್ತೆ ಜೊತೆಯಾದ. ಆ ಸುತ್ತಿನಲ್ಲಿ ಪಕ್ಕೆನೋವು ಬಿಟ್ಟಿತು. ನನ್ನನ್ನು ದಾಟಿದವರನ್ನು ನಾನು ದಾಟುತ್ತಿದ್ದೆ.

ಕೊನೆಯ ಸುತ್ತಿನಲ್ಲಿ ಬೇಲಿಯ ಬದಿಗೆ ಬಂದಾಗ ಅವನಿಗೆ ಕೂಗಲು ಉಸಿರು ಉಳಿದಿರಲಿಲ್ಲ. ಬರೀ ಓಡುತ್ತಿದ್ದ. ಅವನಿಗೆ ಅಲ್ಲಿ ನಂಬರಿರಲಿಲ್ಲ, ವಾಚು ಹಿಡಿದವರಿರಲಿಲ್ಲ. ನಾವಿಬ್ಬರೂ ಒಂದೇ ವೇಗದಲ್ಲಿ, ನಡುವೆ ತಂತಿ. ಮುಗಿಯುವ ಗೆರೆ ಬೇಲಿಯ ಈ ಕಡೆ ಸುಣ್ಣದಲ್ಲಿ ಎಳೆದಿತ್ತು. ನಾನು ಅದನ್ನು ದಾಟಿದೆ. ಯಾರೋ ನನ್ನ ನಂಬರು ಕೂಗಿ "ಓಕೆ" ಎಂದರು. ಮೊಣಕಾಲಿಗೆ ಕೈ ಊರಿ ತಲೆ ಎತ್ತಿ ನೋಡಿದೆ.

ರಸ್ತೆಯ ಮೇಲೆ ಗೆರೆ ಇರಲಿಲ್ಲ. ನಾನು ನಿಂತದ್ದು ತಿಳಿಯದೆ ಸುಂಕಣ್ಣ ಇನ್ನೂ ಓಡುತ್ತಲೇ ಇದ್ದ.